ಏಳನೆಯವನ ಮೊದಲ ಸುತ್ತು

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಭಾರತ ಬರಿಗೈಯಲ್ಲಿ ಮರಳಿತು. 1928ರಿಂದ ಆಡಿದ ಪ್ರತಿ ಒಲಿಂಪಿಕ್ಸ್‌ನಲ್ಲೂ ಪದಕ ತಂದಿದ್ದ ಹಾಕಿ ತಂಡ ಏಳನೇ ಸ್ಥಾನಕ್ಕೆ ಕುಸಿದಿತ್ತು. ಅದೇ ಕೂಟದಲ್ಲಿ ನಮ್ಮ ಪಾಲಿಗೆ ಇನ್ನೊಂದು ಏಳನೇ ಸ್ಥಾನವೂ ಬಂದಿತ್ತು. ಪುರುಷರ 800 ಮೀಟರ್ ಓಟದ ಫೈನಲ್‌ನಲ್ಲಿ, ರಾಜಸ್ಥಾನದಲ್ಲಿ ಹುಟ್ಟಿ ರಜಪುತಾನಾ ರೈಫಲ್ಸ್ ಸೇರಿದ್ದ ಶ್ರೀರಾಮ್ ಸಿಂಗ್ ಏಳನೆಯವನಾಗಿ ಗೆರೆ ದಾಟಿದ. ಆ ಓಟವನ್ನು ಗೆದ್ದವನು ಕ್ಯೂಬಾದ ಆಲ್ಬರ್ಟೊ ಜುವಾಂಟೊರೆನಾ. ಅವನ ಕಾಲ 1 ನಿಮಿಷ 43.50 ಸೆಕೆಂಡ್, ಹೊಸ ವಿಶ್ವದಾಖಲೆ.

ಈ ಎರಡು ಹೆಸರುಗಳನ್ನು ಜೋಡಿಸುವ ಒಂದು ಮಾತು ನಮ್ಮಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ: ಆ ವಿಶ್ವದಾಖಲೆ ಆದದ್ದೇ ಶ್ರೀರಾಮ್ ಸಿಂಗ್‌ನಿಂದ, ಮೊದಲ ಸುತ್ತಿನಲ್ಲಿ ಅವನು ಹಾಕಿಕೊಟ್ಟ ವೇಗದಿಂದ, ಜುವಾಂಟೊರೆನಾ ಅದನ್ನು ತಾನಾಗಿ ಒಪ್ಪಿಕೊಂಡಿದ್ದಾನೆ. ಅಭಿಮಾನದಿಂದ ಹುಟ್ಟಿದ ಮಾತು ಸುಳ್ಳೇ ಆಗಬೇಕೆಂದಿಲ್ಲ, ನಿಜವೇ ಆಗಿರಬೇಕೆಂದೂ ಇಲ್ಲ. ಅದನ್ನು ದಾಖಲೆಗಳ ಎದುರು ನಿಲ್ಲಿಸಿ ನೋಡಬೇಕೆನ್ನಿಸಿತು.

ಮೊದಲು ತೆರೆದದ್ದು ಮಾಂಟ್ರಿಯಲ್ ಕೂಟದ ಅಧಿಕೃತ ವರದಿ. ಮೂರು ಸಂಪುಟಗಳ ಆ ವರದಿಯಲ್ಲಿ ಮೂರನೆಯದು ಫಲಿತಾಂಶಗಳಿಗೇ ಮೀಸಲು. 800 ಮೀಟರ್ ಫೈನಲ್ ನಡೆದದ್ದು ಜುಲೈ 25ರಂದು. ಜುವಾಂಟೊರೆನಾ 1:43.50, ಬೆಲ್ಜಿಯಂನ ಇವೊ ವಾನ್ ಡಾಮ್ 1:43.86, ಅಮೆರಿಕದ ರಿಕ್ ವೋಲ್‌ಹ್ಯೂಟರ್ 1:44.12. ಆಮೇಲೆ ಒಂದು ಸೆಕೆಂಡಿಗೂ ಹೆಚ್ಚಿನ ಅಂತರ. ನಾಲ್ಕನೆಯವನು ಪಶ್ಚಿಮ ಜರ್ಮನಿಯ ವಿಲ್ಲಿ ವುಲ್‌ಬೆಕ್, 1:45.26. ಐದನೆಯವನು ಬ್ರಿಟನ್ನಿನ ಸ್ಟೀವ್ ಒವೆಟ್, 1:45.44. ಆರನೆಯವನು ಯುಗೊಸ್ಲಾವಿಯಾದ ಲುಸಿಯಾನೊ ಸುಶಾನ್ಯ್, 1:45.75. ಏಳನೆಯವನು ಶ್ರೀರಾಮ್ ಸಿಂಗ್, 1:45.77. ಕೊನೆಯವನಾದ ಇಟಲಿಯ ಕಾರ್ಲೊ ಗ್ರಿಪ್ಪೊ 1:48.39.

ಆರು ಮತ್ತು ಏಳರ ನಡುವಿನ ಅಂತರ ಸೆಕೆಂಡಿನ ನೂರರಲ್ಲಿ ಎರಡು ಭಾಗ. ಅಂಥ ಓಟಗಾರರು ಕೊನೆಯಲ್ಲಿ ಸೆಕೆಂಡಿಗೆ ಸುಮಾರು ಏಳು ಮೀಟರ್ ಕ್ರಮಿಸುತ್ತಾರೆ ಎಂದಿಟ್ಟುಕೊಂಡರೆ, ಅದು ಹದಿನಾಲ್ಕು ಸೆಂಟಿಮೀಟರ್; ಒಂದು ಗೇಣಿಗೂ ಕಡಿಮೆ. ಕೈಗಡಿಯಾರದವರು ಇದನ್ನು ಬೇರ್ಪಡಿಸಲಾರರು. ಗುರಿಗೆರೆಯ ಮೇಲಷ್ಟೇ ಕಣ್ಣಿಟ್ಟ ಕ್ಯಾಮೆರಾ, ಅದರೊಳಗೆ ನಿಲ್ಲದೆ ಸರಿಯುವ ಫಿಲ್ಮು, ಆರಂಭದ ಪಿಸ್ತೂಲಿಗೆ ಜೋಡಿಸಿದ ಗಡಿಯಾರ: ಇವು ಸೇರಿ ಪ್ರತಿಯೊಬ್ಬನ ಎದೆ ಗೆರೆಯ ಮೇಲೆ ಬಂದ ಕ್ಷಣವನ್ನು ದಾಖಲಿಸುತ್ತವೆ. ತಲೆಯಲ್ಲ, ಕಾಲಲ್ಲ, ಮುಂಡದ ಭಾಗ ಮಾತ್ರ ಲೆಕ್ಕ. ಆದ್ದರಿಂದ 1:45.77 ಎಂಬ ಅಂಕಿ ಗಟ್ಟಿ. ಅದರ ಬಗ್ಗೆ ನನಗೆ ಅನುಮಾನ ಉಳಿದಿಲ್ಲ.

ಆದರೂ ಇದೇ ಓಟಗಾರನ ಏಷ್ಯಾ ದಾಖಲೆ ಒಂದು ಪಟ್ಟಿಯಲ್ಲಿ 1:45.8 ಎಂದೂ, ಇನ್ನೊಂದರಲ್ಲಿ 1:45.77 ಎಂದೂ, ಮತ್ತೊಂದರಲ್ಲಿ 1:45.86 ಎಂದೂ ಕಾಣಿಸುತ್ತದೆ. ಮೊದಲ ಎರಡರ ಜಗಳ ಸುಲಭವಾಗಿ ಬಗೆಹರಿಯುತ್ತದೆ. ಆ ದಿನಗಳಲ್ಲಿ 400 ಮೀಟರ್‌ಗಿಂತ ಉದ್ದದ ಓಟಗಳ ದಾಖಲೆಯನ್ನು ಸೆಕೆಂಡಿನ ಹತ್ತನೇ ಭಾಗಕ್ಕೇ ನಿಲ್ಲಿಸುವ ರೂಢಿಯಿತ್ತು. ಯಂತ್ರ ನೂರನೇ ಭಾಗ ಹೇಳಿದರೂ ದಾಖಲೆಯ ಪುಸ್ತಕ ಅದನ್ನು ಮೊಟಕುಗೊಳಿಸುತ್ತಿತ್ತು. ಮೂರನೆಯದು ಸ್ವಲ್ಪ ಹೊತ್ತು ಕಾಡಿತು. ಕಾರಣ, 1:45.86 ಎಂಬುದು 1972ರ ಮ್ಯೂನಿಕ್ ಫೈನಲ್‌ನಲ್ಲಿ ಅಮೆರಿಕದ ಡೇವ್ ವಾಟಲ್ ಗೆದ್ದ ಕಾಲವೂ ಹೌದು. ಎರಡು ಕಡೆ ಒಂದೇ ಅಂಕಿ ಕಂಡಾಗ, ನಕಲು ಮಾಡುವಾಗ ಯಾರದೋ ಸಾಲು ಇನ್ಯಾರದೋ ಹೆಸರಿಗೆ ಜಾರಿತೇ ಎಂದು ಕೇಳಿಕೊಳ್ಳಲೇಬೇಕು. ಜಾರಿಲ್ಲ. ವಾಟಲ್‌ನ ಕಾಲದ ಪಕ್ಕದಲ್ಲೇ ಸೋವಿಯತ್ ಒಕ್ಕೂಟದ ಯೆವ್‌ಗೆನಿ ಅರ್ಜಾನೊವ್‌ನ 1:45.89 ಇದೆ, ನೂರರಲ್ಲಿ ಮೂರು ಭಾಗದ ಆ ಸೋಲು ಜಗತ್ತಿಗೇ ಗೊತ್ತು. ಶ್ರೀರಾಮ್ ಸಿಂಗ್‌ನ 1:45.86 ಮಾಂಟ್ರಿಯಲ್‌ನ ಮೊದಲ ಸುತ್ತಿನ ಹೀಟ್‌ನದು, ಜುಲೈ 23ರದು. ಎರಡು ದಿನಗಳ ನಂತರ ಅದನ್ನು ಅವನೇ 1:45.77ಕ್ಕೆ ಇಳಿಸಿದ. ಅಂದರೆ ಏಷ್ಯಾ ದಾಖಲೆ ಒಂದೇ ವಾರದಲ್ಲಿ ಎರಡು ಬಾರಿ ಬದಲಾಯಿತು, ಎರಡೂ ಸಲ ಅವನ ಕೈಯಿಂದಲೇ. ಇಲ್ಲಿ ಹೊಂದಿಕೆಯಷ್ಟೇ ಇದೆ, ತಪ್ಪಿಲ್ಲ.

ಈ ಹೊಂದಿಕೆಯೇ ಒಂದು ಅಡ್ಡದಾರಿಗೆ ಎಳೆಯುತ್ತದೆ. ಶ್ರೀರಾಮ್ ಸಿಂಗ್‌ನ 1:45.77 ಮ್ಯೂನಿಕ್‌ನ ಚಿನ್ನದ ಕಾಲಕ್ಕಿಂತ ಉತ್ತಮ. 1980ರ ಮಾಸ್ಕೊದಲ್ಲಿ ಒವೆಟ್ 1:45.40ಕ್ಕೆ ಚಿನ್ನ ಗೆದ್ದ, ಸೆಬಾಸ್ಟಿಯನ್ ಕೋ ಬೆಳ್ಳಿಗೆ ಓಡಿದ ಕಾಲ 1:45.85. ಹಾಗಿದ್ದರೆ ನಮ್ಮವನಿಗೆ ಮ್ಯೂನಿಕ್‌ನಲ್ಲಿ ಚಿನ್ನ, ಮಾಸ್ಕೊದಲ್ಲಿ ಬೆಳ್ಳಿ? ಓದುವಾಗ ಎದೆಯುಬ್ಬುತ್ತದೆ; ಆದರೆ ಈ ವಾದ ನಿಲ್ಲುವುದಿಲ್ಲ. ಒಲಿಂಪಿಕ್ಸ್ ಫೈನಲ್‌ನಲ್ಲಿ ಓಟಗಾರ ಗಡಿಯಾರದ ವಿರುದ್ಧ ಓಡುವುದಿಲ್ಲ, ಪಕ್ಕದವನ ವಿರುದ್ಧ ಓಡುತ್ತಾನೆ. ಮಾಸ್ಕೊದ ಮೊದಲ ಸುತ್ತು ನಿಧಾನವಾಗಿತ್ತು. ಅಂಥ ಓಟದಲ್ಲಿ ಶ್ರೀರಾಮ್ ಸಿಂಗ್ ಇದ್ದಿದ್ದರೆ ಅದು ಬೇರೆಯೇ ಓಟವಾಗುತ್ತಿತ್ತು. ಒಂದು ಓಟದ ಕಾಲವನ್ನು ಕಿತ್ತು ಇನ್ನೊಂದರಲ್ಲಿ ನೆಡಲಾಗದು. ಈ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಮರಳಿ ಮೂಲ ಪ್ರಶ್ನೆಗೆ ಬರೋಣ. ಅವನು ಮುಂದಿದ್ದದ್ದು ನಿಜವೇ, ಎಷ್ಟು ಹೊತ್ತು, ಎಷ್ಟು ವೇಗದಲ್ಲಿ? ಗುರಿಗೆರೆಯ ಕಾಲ ಇದನ್ನು ಹೇಳುವುದಿಲ್ಲ. ಏಳನೇ ಸಾಲಿನಲ್ಲಿರುವ ಹೆಸರು ಒಮ್ಮೆ ಮೊದಲಿತ್ತು ಎಂಬುದಕ್ಕೆ ಅಲ್ಲಿ ಗುರುತೇ ಇಲ್ಲ. ಸ್ಥಾನಪಟ್ಟಿಯನ್ನಷ್ಟೇ ನೋಡಿದವರು ಅವನನ್ನು ಹಿಂದೆ ಬಿದ್ದ ಓಟಗಾರನೆಂದೇ ತಿಳಿಯುತ್ತಾರೆ. ಓಟದ ಚಿತ್ರೀಕರಣ ಬೇರೆ ಕಥೆ ಹೇಳುತ್ತದೆ. ಕೊನೆಯ ಸುತ್ತಿನ ಗಂಟೆ ಬಾರಿಸುವ ಹೊತ್ತಿಗೆ ಮುಂದಿರುವವನು ಶ್ರೀರಾಮ್ ಸಿಂಗ್. ಉದ್ದ ಹೆಜ್ಜೆಯ ಎತ್ತರದ ಕ್ಯೂಬನ್ ಅವನ ಬೆನ್ನಿಗೇ ಇದ್ದಾನೆ. ತಿರುವು ಕಳೆದು ಎದುರು ಬದಿಯ ನೇರ ಹಾದಿಗೆ ಬರುವಷ್ಟರಲ್ಲಿ ಜುವಾಂಟೊರೆನಾ ಮುಂದಾಗುತ್ತಾನೆ, ವೋಲ್‌ಹ್ಯೂಟರ್ ಅವನನ್ನು ಹಿಡಿಯಲು ಹವಣಿಸುತ್ತಾನೆ, ಶ್ರೀರಾಮ್ ಸಿಂಗ್ ಒಬ್ಬೊಬ್ಬರಿಗೇ ದಾರಿ ಬಿಡುತ್ತಾ ಹೋಗುತ್ತಾನೆ. ಚಿತ್ರ ಇಷ್ಟನ್ನು ಖಚಿತವಾಗಿ ತೋರಿಸುತ್ತದೆ. ವೇಗವನ್ನು ಅದರಿಂದ ಅಳೆಯಲಾಗದು.

ಮೊದಲ ಸುತ್ತಿಗೆ ಎಲ್ಲರೂ ಕೊಡುವ ಅಂಕಿ 50.85 ಸೆಕೆಂಡ್. ಒಂದೇ ಅಂಕಿ ಎಲ್ಲ ಕಡೆ ಕಂಡರೆ ಹಲವು ಸಾಕ್ಷಿಗಳು ಸಿಕ್ಕಂತಲ್ಲ. ಒಬ್ಬರದನ್ನು ನೋಡಿ ಒಬ್ಬರು ಬರೆದಿರಬಹುದು. ನಡುದಾರಿಯ ಕಾಲಗಳನ್ನು ಬಹಳ ಸಲ ಪತ್ರಕರ್ತರೂ ತರಬೇತುದಾರರೂ ಗ್ಯಾಲರಿಯಲ್ಲಿ ಕುಳಿತು ಕೈಗಡಿಯಾರ ಒತ್ತಿ ಬರೆದುಕೊಳ್ಳುತ್ತಾರೆ. ಕೋನ ಓರೆಯಾದರೆ, ಬೆರಳು ತಡವಾದರೆ, ಅರ್ಧ ಸೆಕೆಂಡ್ ಆಚೀಚೆ ಆಗುವುದು ಸಹಜ. ಅಂಥ ಕಾಲಕ್ಕೆ ನೂರನೇ ಭಾಗದ ನಿಖರತೆ ಬಂದದ್ದೆಲ್ಲಿಂದ? ಬಹಳ ದಿನ ಈ ಪ್ರಶ್ನೆಯಲ್ಲೇ ನಿಂತಿದ್ದೆ.

ಉತ್ತರ ಇದ್ದದ್ದು ಓಟದ ಹಾದಿಯ ವಿನ್ಯಾಸದಲ್ಲಿ. 800 ಮೀಟರ್ ಎಂದರೆ 400 ಮೀಟರ್ ಟ್ರ್ಯಾಕಿನ ಎರಡು ಸುತ್ತು. ಆದ್ದರಿಂದ ಮೊದಲ ಸುತ್ತು ಮುಗಿಯುವ ಜಾಗವೂ ಓಟ ಮುಗಿಯುವ ಜಾಗವೂ ಒಂದೇ ಗೆರೆ. 1500 ಮೀಟರ್‌ನಲ್ಲಿ ಹೀಗಾಗುವುದಿಲ್ಲ. ಅಲ್ಲಿ 400, 800, 1200ರ ಗುರುತುಗಳು ಗುರಿಗೆರೆಯಿಂದ ದೂರ ಬೀಳುತ್ತವೆ. 800ರಲ್ಲಿ ಮಾತ್ರ ನಡುದಾರಿಯ ಕಾಲವನ್ನು ಅಂತಿಮ ಕಾಲದಷ್ಟೇ ನಿಖರವಾಗಿ ಓದಬಹುದಾದ ಸ್ಥಳದಲ್ಲೇ ಓಟಗಾರ ಹಾಯ್ದು ಹೋಗುತ್ತಾನೆ. 50.85 ಎಂಬುದು ಗ್ಯಾಲರಿಯ ಅಂದಾಜಿನಂತೆ ಹತ್ತನೇ ಭಾಗಕ್ಕೆ ನಿಲ್ಲದೆ ನೂರನೇ ಭಾಗದವರೆಗೆ ಹೋಗಿರುವುದು ಇದಕ್ಕೆ ಒಪ್ಪುತ್ತದೆ. ಇದು ಪೂರ್ತಿ ಪುರಾವೆಯಲ್ಲ, ಆದರೆ ಅಂಕಿಯನ್ನು ನಂಬಲು ಬಲವಾದ ಕಾರಣ.

ಅದನ್ನು ಒಪ್ಪಿದ ಕೂಡಲೇ ಉಳಿದದ್ದು ಕಳೆಯುವ ಲೆಕ್ಕ. ಶ್ರೀರಾಮ್ ಸಿಂಗ್ ಒಟ್ಟು 1:45.77ರಲ್ಲಿ ಮೊದಲ ಸುತ್ತಿಗೆ 50.85 ತೆಗೆದುಕೊಂಡ. ಎರಡನೇ ಸುತ್ತಿಗೆ ಉಳಿದದ್ದು 54.92. ಸುತ್ತು ಸುತ್ತಿಗೆ ನಾಲ್ಕು ಸೆಕೆಂಡಿಗೂ ಮಿಕ್ಕಿದ ಇಳಿತ. ಜುವಾಂಟೊರೆನಾನ ಮೊದಲ ಸುತ್ತಿನ ಕಾಲ ನಮಗೆ ಬೇಕಾಗಿಯೇ ಇಲ್ಲ. ಅವನು ಗೆರೆಯ ಬಳಿ ಶ್ರೀರಾಮ್ ಸಿಂಗ್‌ಗಿಂತ ಹಿಂದಿದ್ದ ಎಂದರೆ ಸಾಕು: ಅವನ ಮೊದಲ ಸುತ್ತು 50.85ಕ್ಕಿಂತ ಕಡಿಮೆ ಇರಲಾರದು, ಹಾಗಾಗಿ ಎರಡನೆಯದು 52.65ಕ್ಕಿಂತ ಹೆಚ್ಚಿರಲಾರದು. ಕೊನೆಯಲ್ಲಿ ಇಬ್ಬರ ನಡುವೆ ಇದ್ದ 2.27 ಸೆಕೆಂಡಿನ ಅಂತರ ಪೂರ್ತಿಯಾಗಿ ಎರಡನೇ ಸುತ್ತಿನಲ್ಲೇ ಹುಟ್ಟಿದ್ದು. ಈ ಓಟದ ಬಗ್ಗೆ ನಮಗೆ ಸಿಗುವ ಅತ್ಯಂತ ಭದ್ರವಾದ ತಿಳಿವಳಿಕೆ ಇದೇ ಎಂದು ನನ್ನ ಎಣಿಕೆ. ಇದಕ್ಕೆ ಯಾರ ನೆನಪೂ ಬೇಕಿಲ್ಲ.

ಈಗ ದೊಡ್ಡ ಮಾತು: ದಾಖಲೆ ಆದದ್ದು ಶ್ರೀರಾಮ್ ಸಿಂಗ್‌ನಿಂದಲೇ? ಹಳೆಯ ದಾಖಲೆ ಇಟಲಿಯ ಮಾರ್ಚೆಲ್ಲೊ ಫಿಯಾಸ್ಕೊನಾರೊ 1973ರಲ್ಲಿ ಮಿಲಾನ್‌ನಲ್ಲಿ ಮಾಡಿದ 1:43.7. ಅದು ಕೈಗಡಿಯಾರದ ಕಾಲ. ಈ ದೂರಗಳಲ್ಲಿ ಕೈಗಡಿಯಾರ ಯಂತ್ರಕ್ಕಿಂತ ಸುಮಾರು 0.14 ಸೆಕೆಂಡ್ ಕಡಿಮೆ ತೋರಿಸುತ್ತದೆ ಎಂಬುದು ಒಪ್ಪಿತ ಲೆಕ್ಕ. ಹಾಗೆ ತೂಗಿದರೆ ಫಿಯಾಸ್ಕೊನಾರೊನ ಓಟ 1:43.84ರ ಆಸುಪಾಸು. ಮಾಂಟ್ರಿಯಲ್‌ನಲ್ಲಿ ಎರಡನೆಯವನಾದ ವಾನ್ ಡಾಮ್ ಓಡಿದ್ದು 1:43.86. ಬೆಳ್ಳಿ ಗೆದ್ದವನೂ ಹಳೆಯ ವಿಶ್ವದಾಖಲೆಯ ಮಟ್ಟಕ್ಕೆ ಬಂದಿದ್ದ. ಒಬ್ಬನೇ ಅಸಾಧಾರಣನಾಗಿದ್ದರೆ ಹೀಗಾಗುವುದಿಲ್ಲ. ಓಟಕ್ಕೇ ಒಂದು ವೇಗ ಸಿಕ್ಕಿತ್ತು. ಆ ವೇಗವನ್ನು ಗಂಟೆಯವರೆಗೆ ಮುಂದೆ ನಿಂತು ಹೊತ್ತವನು ಶ್ರೀರಾಮ್ ಸಿಂಗ್.

800ರ ದಾಖಲೆಗೆ ಬಿರುಸಿನ ಮೊದಲ ಸುತ್ತು ಬೇಕೇ ಬೇಕು ಎನ್ನುವಷ್ಟು ಮಟ್ಟಿಗೆ ಬೇಕು. 2012ರ ಲಂಡನ್‌ನಲ್ಲಿ ಕೀನ್ಯಾದ ಡೇವಿಡ್ ರುಡಿಶಾ 1:40.91 ಓಡಿದಾಗ ಮೊದಲ ಸುತ್ತು 49.28, ಎರಡನೆಯದು 51.63. ಅಲ್ಲಿ ಮುಂದಾಳುತನದ ಹೊರೆಯನ್ನು ಗೆದ್ದವನೇ ಹೊತ್ತಿದ್ದ. ಮಾಂಟ್ರಿಯಲ್‌ನಲ್ಲಿ ಗೆದ್ದವನ ಪಾಲಿನ ಆ ಹೊರೆಯನ್ನು ಅರ್ಧ ದಾರಿ ಬೇರೊಬ್ಬ ಹೊತ್ತ.

ಇನ್ನೊಂದು ಪಕ್ಷದ ಸಾಕ್ಷಿಯನ್ನೂ ಅಷ್ಟೇ ಗೌರವದಿಂದ ಕೇಳಬೇಕು. 1977ರ ಆಗಸ್ಟ್‌ನಲ್ಲಿ, ಸೋಫಿಯಾದ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಕೂಟದಲ್ಲಿ, ಜುವಾಂಟೊರೆನಾ 1:43.44 ಓಡಿ ತನ್ನದೇ ದಾಖಲೆಯನ್ನು ಸುಧಾರಿಸಿದ. ಅಲ್ಲಿ ಶ್ರೀರಾಮ್ ಸಿಂಗ್ ಇರಲಿಲ್ಲ. ಮಾಂಟ್ರಿಯಲ್‌ನಲ್ಲೇ, 800ರ ಫೈನಲ್ ಆದ ನಾಲ್ಕು ದಿನಗಳ ಬಳಿಕ ಜುವಾಂಟೊರೆನಾ 400 ಮೀಟರ್ ಚಿನ್ನವನ್ನು 44.26ಕ್ಕೆ ಗೆದ್ದ. ಅಷ್ಟು ವೇಗ ಕಾಲಲ್ಲಿದ್ದವನಿಗೆ ಅಂಥ ಮೊದಲ ಸುತ್ತು ಉಸಿರುಗಟ್ಟಿಸುವಂಥದ್ದಲ್ಲ. ಆದರೆ ಈ ಸಾಕ್ಷಿಗೂ ಮಿತಿಯಿದೆ. ಮಾಂಟ್ರಿಯಲ್‌ಗೆ ಬರುವಾಗ ಜುವಾಂಟೊರೆನಾ ಮೂಲತಃ 400 ಮೀಟರ್ ಓಟಗಾರ, 800ಕ್ಕೆ ಹೊಸಬ. 1977ರಲ್ಲಿ ಅವನು ಮಾಡಬಲ್ಲವನಾಗಿದ್ದದ್ದನ್ನು 1976ರಲ್ಲೂ ಒಬ್ಬನೇ ಮಾಡುತ್ತಿದ್ದ ಎಂದು ಹೇಳುವಂತಿಲ್ಲ. ಜೊತೆಗೆ, 400ರ ಓಟಗಾರನನ್ನು ದಣಿಸಲು ಎದುರಾಳಿಗಳು ಹೂಡುವ ಅಸ್ತ್ರವೂ ಬಿರುಸಿನ ಮೊದಲ ಸುತ್ತೇ. ಅವನನ್ನು ಸೋಲಿಸಬಹುದಾಗಿದ್ದ ವೇಗವೇ ಅವನಿಗೆ ದಾಖಲೆ ತಂದಿತು ಎನ್ನುವ ಸಾಧ್ಯತೆಯನ್ನು ನಾನು ತಳ್ಳಿಹಾಕಲಾರೆ.

ಜುವಾಂಟೊರೆನಾ ಒಪ್ಪಿಕೊಂಡನೆಂಬ ಮಾತಿಗೆ ನಾನು ಕೊಡುವ ತೂಕ ಮಧ್ಯಮ. ಗೆದ್ದವನ ಔದಾರ್ಯ ಒಳ್ಳೆಯ ಗುಣ, ಆದರೆ ಅದು ಅಳತೆಯಲ್ಲ. ಇಲ್ಲಿ ಅಳತೆ ಅವನ ಮಾತನ್ನು ಅಲ್ಲಗಳೆಯುವುದಿಲ್ಲ ಎಂಬುದಷ್ಟೇ ಮುಖ್ಯ.

ಹಾಗಾಗಿ ನನ್ನ ತೀರ್ಪು ಹೀಗೆ. ಮೊದಲ ಸುತ್ತಿನಲ್ಲಿ ಶ್ರೀರಾಮ್ ಸಿಂಗ್ ಮುಂದಿದ್ದದ್ದು ಸಿದ್ಧ. ಆ ವೇಗ ಓಟದ ಮಟ್ಟವನ್ನೇ ಎತ್ತಿತು ಎಂಬುದು ಬಹುಮಟ್ಟಿಗೆ ಸಿದ್ಧ. ಅವನಿಲ್ಲದೆ ವಿಶ್ವದಾಖಲೆ ಆಗುತ್ತಿರಲಿಲ್ಲ ಎಂಬುದು ಸಿದ್ಧವಾಗಿಲ್ಲ. ಈ ಮೂರನೆಯದನ್ನು ಕೈಬಿಟ್ಟರೆ ಅವನ ಘನತೆ ಕುಂದುತ್ತದೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಕೋಚ್ ಇಲ್ಯಾಸ್ ಬಾಬರ್ ತಯಾರು ಮಾಡಿದ ಈ ಓಟಗಾರ ಮೂರು ದಿನಗಳಲ್ಲಿ ಮೂರು ಬಾರಿ 800 ಮೀಟರ್ ಓಡಿದ. ಅವುಗಳಲ್ಲಿ ಎರಡು ಸಲ 1:46ರ ಒಳಗೆ. ಅವನ ಏಷ್ಯಾ ದಾಖಲೆ 1994ರವರೆಗೆ, ದಕ್ಷಿಣ ಕೊರಿಯಾದ ಲೀ ಜಿನ್-ಇಲ್ ಬರುವ ತನಕ ಉಳಿಯಿತು. ಭಾರತದ ದಾಖಲೆಯಾಗಿ ಅದು ನಿಂತದ್ದು 2018ರ ಜೂನ್ 27ರವರೆಗೆ. ಅಂದು ಗುವಾಹಟಿಯಲ್ಲಿ ಕೇರಳದ ಜಿನ್ಸನ್ ಜಾನ್ಸನ್ 1:45.65 ಓಡಿದ. ನಲವತ್ತೆರಡು ವರ್ಷಗಳಿಗೆ ಒಂದು ತಿಂಗಳಷ್ಟೇ ಬಾಕಿಯಿತ್ತು, ಸುಧಾರಣೆ 0.12 ಸೆಕೆಂಡಿನದು.

ಒಲಿಂಪಿಕ್ಸ್ ಇತಿಹಾಸ ಬರೆಯುವವರಲ್ಲಿ, ಶಾಲೆಯ ಕ್ರೀಡಾಪುಸ್ತಕ ಸಿದ್ಧಪಡಿಸುವವರಲ್ಲಿ ನನ್ನದೊಂದು ಕೇಳಿಕೆ. ಮಾಂಟ್ರಿಯಲ್ 800 ಮೀಟರ್ ಫೈನಲ್ಲಿನ ಪಟ್ಟಿ ಅಚ್ಚಾಗುವಾಗ ಏಳನೇ ಸಾಲಿನಲ್ಲಿ ಎರಡು ಅಂಕಿಗಳನ್ನು ಹಾಕಿ: ಮೊದಲ ಸುತ್ತು 50.85, ಒಟ್ಟು 1:45.77.