ಒಬ್ಬನೇ ಗಿರಾಕಿಯನ್ನು ನಂಬಿದರೆ

ಧಾರಣೆ ಬಿದ್ದಾಗ ಏನು ಮಾಡಬೇಕು? ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ಸೀಮೆಯವರಾದ ನಮಗೆ ಇದು ಹಳೇ ಪ್ರಶ್ನೆ. ಸಾಫ್ಟ್‌ವೇರ್ ಕಂಪನಿಯೊಂದರ ಇತಿಹಾಸದಲ್ಲೂ ಇದಕ್ಕೊಂದು ಉತ್ತರವಿದೆ.

ಎನ್.ಆರ್. ನಾರಾಯಣಮೂರ್ತಿ ಮತ್ತು ಆರು ಮಂದಿ ಗೆಳೆಯರು 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಕಟ್ಟಿದರು. 1983ರಲ್ಲಿ ಅದು ಬೆಂಗಳೂರಿಗೆ ಬಂತು. 1995ರಲ್ಲಿ ಒಂದು ದೊಡ್ಡ ವಿದೇಶಿ ಕಂಪನಿ ದರ ಇಳಿಸುವಂತೆ ಪಟ್ಟು ಹಿಡಿಯಿತು. ಇನ್ಫೋಸಿಸ್ ಆದಾಯದ ಶೇ. 25 ಬರುತ್ತಿದ್ದುದು ಆ ಒಬ್ಬ ಗಿರಾಕಿಯಿಂದಲೇ. ಆದರೂ ಮೂರ್ತಿಯವರು ಒಪ್ಪಲಿಲ್ಲ, ಆ ಗಿರಾಕಿಯನ್ನೇ ಬಿಟ್ಟರು. ಇನ್ನು ಮುಂದೆ ಒಬ್ಬ ಗಿರಾಕಿ, ಒಂದು ದೇಶ, ಒಂದು ತಂತ್ರಜ್ಞಾನವನ್ನೇ ಅತಿಯಾಗಿ ನೆಚ್ಚಿಕೊಳ್ಳಬಾರದು ಎಂಬ ಪಾಠ ಕಲಿತರು.

ಆ ಪಾಠ ಬೇಗನೆ ಕೆಲಸಕ್ಕೆ ಬಂತು. 2000ರ ಮಾರ್ಚ್ ನಂತರ ಅಮೆರಿಕದಲ್ಲಿ ಡಾಟ್‌ಕಾಂ ಷೇರುಗಳು ಕುಸಿದು, ಎಷ್ಟೋ ಕಂಪನಿಗಳು ಬಾಗಿಲು ಹಾಕಿದವು. ಸಾಲವಿಲ್ಲದ ಇನ್ಫೋಸಿಸ್‌ನ ಬೆಳವಣಿಗೆ ನಿಧಾನವಾಯಿತು, ಆದರೆ ಲಾಭ ನಿಲ್ಲಲಿಲ್ಲ.

ಅದೇ ಹೊತ್ತಿಗೆ ಇಲ್ಲಿ ಅಡಿಕೆ ಧಾರಣೆಯೂ ನೆಲಕಚ್ಚಿತ್ತು. ಕಂಪನಿಯಂತೆ ಗಿರಾಕಿಗೆ 'ಬೇಡ' ಎನ್ನಲು ಒಂಟಿ ಬೆಳೆಗಾರನಿಗೆ ಆಗುವುದಿಲ್ಲ, ಮನೆಯಲ್ಲಿ ಸಾಲದ ಕಂತು ಕಾಯುತ್ತಿರುತ್ತದೆ. ಆ ಧೈರ್ಯ ಬರಲೆಂದೇ ನಮ್ಮ ಹಿರಿಯರು 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಕಟ್ಟಿದರು. 1970ರ ದಶಕದ ಆರಂಭದ ಕುಸಿತದ ನಂತರ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು.

ಸಂಘ ಮಾರಾಟಕ್ಕೆ ಬಲ ಕೊಡುತ್ತದೆ. ತೋಟದಲ್ಲಿ ಅಡಿಕೆಯ ಜೊತೆ ಕಾಳುಮೆಣಸು, ಬಾಳೆ, ಏಲಕ್ಕಿ ಇರಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ. ಅದನ್ನು ಯೋಚಿಸಬೇಕಾದ್ದು ಧಾರಣೆ ಚೆನ್ನಾಗಿರುವಾಗ.