ಬಿಂದಿಗೆ ಇಳಿದ ಮೇಲೆ

ಕುಣಿಗಲ್ ಅಂದ ತಕ್ಷಣ ಹೊರಗಿನವರಿಗೆ ನೆನಪಾಗೋದು ಎರಡೇ. ಕೆರೆ, ಇಲ್ಲಾ ಕುದುರೆ. ಕೆರೆ ಮೇಲೆ ಹಾಡಿದೆ. ಕುದುರೆ ಫಾರಂಗೆ ಟಿಪ್ಪು ಕಾಲದಿಂದ ಇತಿಹಾಸ ಇದೆ. ಮೊದಲು ಅವನ ಅಶ್ವದಳಕ್ಕೆ, ಆಮೇಲೆ ಬ್ರಿಟಿಷರ ಸೈನ್ಯಕ್ಕೆ, ಈಚೆಗೆ ರೇಸಿಗೆ. ಕುದುರೆಗೆ ಎಷ್ಟು ಮೇವು, ಎಷ್ಟು ಓಟ, ಎಷ್ಟು ವಿಶ್ರಾಂತಿ ಅನ್ನೋದಕ್ಕೆಲ್ಲ ಲೆಕ್ಕ ಇರುತ್ತೆ. ಅದೇ ತಾಲ್ಲೂಕಿನ ಹೆಂಗಸರು ದಿನಕ್ಕೆ ಎಷ್ಟು ಭಾರ ಎತ್ತಿದರು ಅನ್ನೋ ಲೆಕ್ಕ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಇಂಜಿನಿಯರ್ ಬುದ್ಧಿ ನೋಡಿ, ನಾನೇ ಹಾಕೋಕೆ ಕೂತೆ.

ನಮ್ಮಜ್ಜಿ ಕಾಲದ ಒಂದು ಮನೆ ತಗೊಳ್ಳಿ. ಬಿಂದಿಗೆಗೆ ಹದಿನೈದು ಲೀಟರ್ ಅಂತಿಟ್ಟುಕೊಂಡರೆ 15 ಕೆಜಿ ನೀರು, ಹಿತ್ತಾಳೆ ತೂಕ ಬೇರೆ. ಜನ, ದನ ಎರಡಕ್ಕೂ ಸೇರಿ ಹತ್ತು ಬಿಂದಿಗೆ ಅಂದ್ರೂ 150 ಕೆಜಿ. ಅದನ್ನ ಮೊದಲು ಬಾವಿಯಿಂದ ಸೇದಬೇಕು, ಆಮೇಲೆ ಸಿಂಬಿ ಇಟ್ಟು ತಲೆ ಮೇಲೊಂದು, ಸೊಂಟದಲ್ಲೊಂದು. ಅದಕ್ಕೂ ಮುಂಚೆ, ಕೋಳಿ ಕೂಗೋ ಹೊತ್ತಿಗೆ ರಾಗಿಕಲ್ಲು. ಇಬ್ಬರು ಎದುರುಬದುರು ಕೂತು ಗೂಟ ಹಿಡಿದು ತಿರುಗಿಸ್ತಿದ್ದರು, ಬೇಸರ ಕಳೆಯೋಕೆ ಪದ ಹೇಳ್ತಿದ್ದರು. ಭತ್ತಕ್ಕೆ ಒನಕೆ, ತಿಪ್ಪೆ ಗೊಬ್ಬರಕ್ಕೆ ಮಂಕರಿ, ಒಲೆಗೆ ಸೌದೆ ಹೊರೆ. ಕುಕ್ಕರಗಾಲಲ್ಲಿ ಕೂತು ಏಳೋದಕ್ಕೆ ಲೆಕ್ಕವೇ ಇಲ್ಲ. ಜಿಮ್ಮಿನವರು ಸ್ಕ್ವಾಟು, ಡೆಡ್‌ಲಿಫ್ಟು ಅಂತ ಏನೇನು ಕಲಿಸ್ತಾರೋ ಅದೆಲ್ಲ ಇತ್ತು. ರಜಾ ಒಂದಿರಲಿಲ್ಲ.

ಈ ಭಾರ ಇಳಿದ ಕತೆಯೇ ಒಂದು ಇತಿಹಾಸ. ಮೊದಲು ಹೋಗಿದ್ದು ರಾಗಿಕಲ್ಲು. ಕರೆಂಟು ಬಂತು, ಅದರ ಹಿಂದೆ ಹಿಟ್ಟಿನ ಮಿಲ್ಲು ಬಂತು, ಕಲ್ಲು ಹಿತ್ತಲು ಸೇರಿತು. ನೀರಿನ ಸರದಿ ಬಂದಿದ್ದು 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಂದ ಮೇಲೆ. ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೂ ಬೋರ್‌ವೆಲ್ ಕೊರೆಸಿದರು. ಜನ ಅವರನ್ನ ‘ನೀರ್ ಸಾಬ್’ ಅಂತಲೇ ಕರೆದರು. 1988ರಲ್ಲಿ ತೀರಿಕೊಂಡರು. ಪಂಚಾಯತ್ ರಾಜ್ ಬಗ್ಗೆ ಬರೆಯೋರು ಅವರನ್ನ ಅಧಿಕಾರ ವಿಕೇಂದ್ರೀಕರಣಕ್ಕೆ ನೆನೀತಾರೆ. ನನ್ನ ಪ್ರಕಾರ ಕರ್ನಾಟಕದ ಹೆಂಗಸರ ಕತ್ತಿನಿಂದ ಅಷ್ಟು ಭಾರ ಇಳಿಸಿದ ಮಂತ್ರಿ ಇನ್ನೊಬ್ಬರಿಲ್ಲ. ಬೋರಿಂಗು ಒತ್ತೋಕೂ ರಟ್ಟೆ ಬೇಕಿತ್ತು ಅನ್ನಿ. ಆಮೇಲೆ ಮಿನಿ ಟ್ಯಾಂಕು, ಮನೆ ನಲ್ಲಿ, ಮಿಕ್ಸಿ, ಗ್ಯಾಸು ಬಂದು ಅದೂ ಮುಗೀತು.

ಇಲ್ಲಿಗೆ ಬಂದಾಗ ಯಾರಾದ್ರೂ ಒಬ್ಬರು ‘ಹಿಂದಿನೋರು ಎಷ್ಟು ಗಟ್ಟಿ’ ಅಂತ ಶುರು ಮಾಡ್ತಾರೆ. ನನಗೆ ಆ ರಾಗ ಹಿಡಿಸಲ್ಲ. 1951ರ ಸುಮಾರಿಗೆ ಭಾರತೀಯರ ಸರಾಸರಿ ಆಯುಸ್ಸು 32 ವರ್ಷ. ಅದರಲ್ಲಿ ಎಳೆಗೂಸುಗಳ ಸಾವೇ ಹೆಚ್ಚು, ಒಪ್ಪಿದೆ. ಆದರೆ ನಾವು ನೋಡಿದ ಗಟ್ಟಿ ಅಜ್ಜಿಯರು ಉಳಿದವರು. ಉಳಿಯದವರು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಬಾಣಂತನ ಮುಗಿಯೋ ಮುಂಚೆ ಭಾರ ಹೊತ್ತು ಗರ್ಭಕೋಶ ಜಾರಿದವರು, ಎಲ್ಲರೂ ಉಂಡ ಮೇಲೆ ಮಿಕ್ಕಿದ್ದು ಉಂಡು ರಕ್ತ ಕಡಿಮೆಯಾದವರು ಎಷ್ಟು ಜನವೋ.

ವಿಚಿತ್ರ ಏನಂದ್ರೆ, ನಮ್ಮಮ್ಮನ ವಾರಿಗೆಯವರಿಗೆ ಭಾರ ಇಳಿದಿದ್ದು ನಲವತ್ತು–ಐವತ್ತರ ಆಸುಪಾಸಿನಲ್ಲಿ. ಮುಟ್ಟು ನಿಂತು ಈಸ್ಟ್ರೋಜನ್ ಇಳಿದು, ಮೂಳೆ ಬೇಗ ಬೇಗ ಸವೆಯೋಕೆ ಶುರುವಾಗೋದೂ, ಮಾಂಸಖಂಡ ಕರಗೋದೂ ಅದೇ ವಯಸ್ಸಲ್ಲಿ. ಮಾಂಸಖಂಡ ಕರಗೋದಕ್ಕೆ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ‘ಸಾರ್ಕೊಪೀನಿಯ’ ಅಂತ ಹೆಸರಿಟ್ಟರು. ಅಂದ್ರೆ ಈ ಕಾಯಿಲೆಯ ಹೆಸರು ನನಗಿಂತ ದೊಡ್ಡದೇನಲ್ಲ. ನಮ್ಮ ಕಡೆ ‘ಕೈಕಾಲಲ್ಲಿ ಸತ್ವ ಇಲ್ಲ’ ಅಂತಾರೆ, ವಯಸ್ಸಾಯ್ತು ಅಂತ ಸುಮ್ಮನಾಗ್ತಾರೆ.

ಸುಮ್ಮನಾಗಬೇಕಿಲ್ಲ ಅಂತ ತೋರಿಸಿದ್ದು ಬೋಸ್ಟನ್ನಿನ ಮರಿಯಾ ಫಿಯಾಟರೋನ್. 1990ರಲ್ಲಿ ಅವರು ವೃದ್ಧಾಶ್ರಮದ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಅವರ ಸರಾಸರಿ ವಯಸ್ಸು ತೊಂಬತ್ತು! ತೊಡೆಯ ಶಕ್ತಿ ಸರಾಸರಿ ಶೇ 174 ಏರಿತು, ಇಬ್ಬರು ಊರುಗೋಲು ಬಿಟ್ಟು ನಡೆದರು. 1994ರಲ್ಲಿ ನೂರು ಜನರ ಮೇಲೆ, ಅದರಲ್ಲಿ 63 ಹೆಂಗಸರು, ಮತ್ತೆ ಪರೀಕ್ಷೆ ಮಾಡಿದರು. ವ್ಯಾಯಾಮ ಮಾಡಿದವರ ಶಕ್ತಿ ಮತ್ತೆ ದುಪ್ಪಟ್ಟಾಯ್ತು. ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಪ್ರಯೋಜನವಾಗಲಿಲ್ಲ. ಮೂಳೆಯ ಕತೆಗೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಅಲ್ಲಿ ಮೂಳೆ ತೆಳುವಾಗಿದ್ದ, ಮುಟ್ಟು ನಿಂತ 101 ಹೆಂಗಸರನ್ನ ಆರಿಸಿ, ಒಂದು ಗುಂಪಿಗೆ ವಾರಕ್ಕೆರಡು ಸಲ, ಅರ್ಧ ಗಂಟೆ, ಎಂಟು ತಿಂಗಳು, ತಜ್ಞರ ಎದುರಲ್ಲೇ ದೊಡ್ಡ ಭಾರ ಎತ್ತಿಸಿದರು. ಅವರ ಬೆನ್ನುಮೂಳೆಯ ಸಾಂದ್ರತೆ ಶೇ 2.9 ಹೆಚ್ಚಿತು, ಮನೇಲಿ ಹಗುರ ವ್ಯಾಯಾಮ ಮಾಡಿದವರದು ಇಳಿಯಿತು.

ನನಗೆ ತುಂಬಾ ಹಿಡಿಸಿದ್ದು 2007ರ ಮೆಲೋವ್ ಮತ್ತು ಟಾರ್ನೊಪೋಲ್ಸ್ಕಿ ಅಧ್ಯಯನ. ಮಾಂಸಖಂಡದ ಜೀವಕೋಶದೊಳಗೆ ಶಕ್ತಿ ತಯಾರಿಸೋದು ಮೈಟೊಕಾಂಡ್ರಿಯ. ವಯಸ್ಸಾದಂತೆ ಅದಕ್ಕೆ ಸಂಬಂಧಪಟ್ಟ ಜೀನ್‌ಗಳ ಕೆಲಸ ಕುಗ್ಗುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಕೋಡ್ ಅದೇ, ಆದರೆ ಕೆಲವು ಫಂಕ್ಷನ್ನುಗಳನ್ನ ಕರೆಯೋದು ಕಡಿಮೆಯಾಗುತ್ತೆ. ವಯಸ್ಸಾದವರಿಂದ ಆರು ತಿಂಗಳು, ವಾರಕ್ಕೆರಡು ದಿನ ಭಾರ ಎತ್ತಿಸಿದಾಗ ವಯಸ್ಸಿನಿಂದ ಬದಲಾಗಿದ್ದ 179 ಜೀನ್‌ಗಳ ನಡವಳಿಕೆ ಹರೆಯದವರ ಕಡೆಗೆ ತಿರುಗಿತು. ಮೊದಲು ಯುವಕರಿಗಿಂತ ಶೇ 59 ದುರ್ಬಲರಾಗಿದ್ದವರು ಕೊನೆಗೆ ಶೇ 38ಕ್ಕೆ ಬಂದರು. ಪೂರ್ತಿ ಸಮ ಆಗಲಿಲ್ಲ, ಅದನ್ನೂ ಹೇಳಬೇಕು.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿ, ‘ಏನ್ಲಾ, ಇಳ್ಸಿದ್ ಬಿಂದ್ಗೇನ ಮತ್ತೆ ಹೊರಿಸ್ತೀಯಾ?’ ಅಂದಳು. ನ್ಯಾಯವಾದ ಪ್ರಶ್ನೆ. ಅವಳು ಹೊತ್ತಿದ್ದು ಮನೆಗೆ ಬೇಕಾದಷ್ಟು, ಮೈಗೆ ತಡೆಯುವಷ್ಟಲ್ಲ. ಜ್ವರ ಬಂದ್ರೂ ಬಿಂದಿಗೆಯ ತೂಕ ಅಷ್ಟೇ. ವ್ಯಾಯಾಮದ ಭಾರ ಹಾಗಲ್ಲ. ಇವತ್ತು ಆಗೋದರಿಂದ ಶುರು, ಹಗುರ ಅನ್ನಿಸಿದ ಮೇಲೆ ಸ್ವಲ್ಪ ಏರಿಕೆ, ನಡುವೆ ಬಿಡುವು. ಮಾಂಸಖಂಡ ಕಟ್ಟೋದು ಆ ಬಿಡುವಲ್ಲಿ, ಅದೂ ಹೊಟ್ಟೆಗೆ ಪ್ರೋಟೀನ್ ಬಿದ್ದರೆ. ರಾಗಿಯಲ್ಲಿ ನೂರು ಗ್ರಾಮಿಗೆ ಇರೋದು ಸುಮಾರು ಏಳು ಗ್ರಾಮ್, ಹುರುಳಿಯಲ್ಲಿ ಅದರ ಮೂರರಷ್ಟು. ಕುದುರೆಗೆ ಹುರುಳಿ ಯಾಕೆ ಅಂತ ಈಗ ಅರ್ಥವಾಯ್ತಲ್ಲ.

ಡಾಕ್ಟರ್ರಿಗೆ ಬಿಪಿ, ಮಂಡಿ ತೋರಿಸಿ, ಫಿಸಿಯೋಥೆರಪಿಯವರು ಹೇಳಿಕೊಟ್ಟ ಮೇಲೆ ಅಮ್ಮ ಶುರು ಮಾಡಿದಳು. ಕುರ್ಚಿಯಿಂದ ಕೈ ಊರದೆ ಏಳೋದು, ಗೋಡೆ ತಳ್ಳೋದು, ಕೈಚೀಲಕ್ಕೆ ರಾಗಿ ಹಾಕಿ ಉಸಿರು ಕಟ್ಟದೆ ಎತ್ತೋದು. ಎರಡು ಕೆಜಿಯಿಂದ ಶುರುವಾಗಿದ್ದು ಆರಕ್ಕೆ ಬಂದಿದೆ. ಸೋಮವಾರ, ಗುರುವಾರ ಮಾತ್ರ. ಮಿಕ್ಕ ದಿನ ಯಾಕೆ ಬೇಡ ಅಂತ ಕೇಳಿದಳು. ರಜಾ ಅಂದೆ.

‘ರಜಾ ಕೊಡೋ ಕೆಲ್ಸಾನೂ ಐತೆ ಅನ್ನು’ ಅಂದಳು.