ತಂಬಾಕು: ಬ್ಯಾರನ್ ಗೂಡಿನಿಂದ ಬೀದಿಯ ತುಂಡಿನವರೆಗೆ

ತಂಬಾಕಿನ ಹಾನಿ ಎಂದೊಡನೆ ನೆನಪಾಗುವುದು ಬಾಯಿ, ಗಂಟಲು ಹಾಗೂ ಶ್ವಾಸಕೋಶದ ಕ್ಯಾನ್ಸರ್. ಆದರೆ ಈ ಹಾನಿ ಸೇವಿಸುವವನ ದೇಹದಲ್ಲಿ ಆರಂಭವಾಗುವುದೂ ಇಲ್ಲ, ಅಲ್ಲಿಗೇ ಮುಗಿಯುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರ ಮೇ 31ರ ವಿಶ್ವ ತಂಬಾಕು ರಹಿತ ದಿನಕ್ಕೆ ಪರಿಸರವನ್ನೇ ವಿಷಯವನ್ನಾಗಿ ಆರಿಸಿಕೊಂಡಿತು. ಅದರ ಅಂದಾಜಿನ ಪ್ರಕಾರ ತಂಬಾಕಿಗಾಗಿ ಜಗತ್ತು ಪ್ರತಿವರ್ಷ 60 ಕೋಟಿ ಮರಗಳನ್ನೂ 2,200 ಕೋಟಿ ಟನ್ ನೀರನ್ನೂ ಕಳೆದುಕೊಳ್ಳುತ್ತಿದೆ.

ಸೊಪ್ಪಿಗೆ ಸೌದೆ

ರಾಜ್ಯದಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಮತ್ತು ಅರಕಲಗೂಡು ತಾಲ್ಲೂಕುಗಳು ಸಿಗರೇಟು ತಂಬಾಕಿಗೆ ಹೆಸರಾಗಿವೆ. ಕೊಯ್ದ ಹಸಿ ಎಲೆಯನ್ನು ಬ್ಯಾರನ್ ಎಂಬ ಗೂಡುಗಳಲ್ಲಿ ಕಟ್ಟಿ, ಕೊಳವೆಗಳ ಮೂಲಕ ಹಾಯುವ ಬಿಸಿಯಿಂದ ಹಲವು ದಿನಗಳ ಕಾಲ ಹದಮಾಡಲಾಗುತ್ತದೆ. ಒಂದು ಕಿಲೋ ಸೊಪ್ಪು ಹದಗೊಳ್ಳಲು ಅದರ ಹಲವು ಪಟ್ಟು ತೂಕದ ಸೌದೆ ಬೇಕು. ನಾಗರಹೊಳೆ ಅರಣ್ಯದ ಅಂಚಿನಲ್ಲಿರುವ ಈ ಸೀಮೆಗೆ ಇದು ಸಣ್ಣ ಹೊರೆಯಲ್ಲ. ಒದ್ದೆ ಎಲೆ ಮುಟ್ಟುವ ಕೂಲಿಕಾರರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ತಲೆಸುತ್ತು, ವಾಂತಿ ಉಂಟಾಗುವುದೂ ಉಂಟು.

ಬೀದಿಗೆ ಬಿದ್ದ ತುಂಡು

ಸಿಗರೇಟಿನ ಶೋಧಕ ಹತ್ತಿಯಂತೆ ಕಂಡರೂ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ತುಂಡುಗಳು ಎಲ್ಲೆಂದರಲ್ಲಿ ಬೀಳುತ್ತವೆ ಎಂದು ಅಂದಾಜು. ಮಳೆನೀರಿನೊಡನೆ ಚರಂಡಿ ಸೇರಿ, ಹೀರಿಕೊಂಡ ವಿಷವನ್ನು ಅವು ಕೆರೆಗೆ ಬಿಡುತ್ತವೆ. ಗುಟ್ಕಾ ಪೊಟ್ಟಣಗಳ ಕಥೆಯೂ ಬೇರೆಯಲ್ಲ. ಕರ್ನಾಟಕವು 2013ರ ಮೇ 31ರಂದು ಗುಟ್ಕಾ ನಿಷೇಧಿಸಿತು.

ಊರೇ ಕೈಗೊಂಡ ನಿರ್ಧಾರ

2003ರ ಕೇಂದ್ರ ಕಾಯ್ದೆಯು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನೂ ಶಾಲೆಗಳಿಂದ 100 ಗಜದೊಳಗೆ ಮಾರಾಟವನ್ನೂ ನಿಷೇಧಿಸಿತು. ಆದರೆ ಪ್ರತಿ ಗೂಡಂಗಡಿಗೂ ಒಬ್ಬ ಅಧಿಕಾರಿಯನ್ನು ನಿಲ್ಲಿಸಲಾಗದು. ಆ ಕೊರತೆಯನ್ನು ತುಂಬಬಲ್ಲದ್ದು ಊರಿನ ಜನರೇ. ನಾಗಾಲ್ಯಾಂಡ್‌ನ ಕೊಹಿಮಾ ಜಿಲ್ಲೆಯ ಗರಿಫೆಮಾ ಗ್ರಾಮದ ಹಿರಿಯರೂ ವಿದ್ಯಾರ್ಥಿಗಳೂ ಒಮ್ಮತಕ್ಕೆ ಬಂದದ್ದರಿಂದ, 2014ರಲ್ಲಿ ಅದು ದೇಶದ ಮೊದಲ ತಂಬಾಕು ಮುಕ್ತ ಗ್ರಾಮವೆಂದು ಘೋಷಿತವಾಯಿತು. ಶಾಲೆಗಳ ಸುತ್ತ ಹಳದಿ ಗೆರೆ ಎಳೆದು ಮಾರಾಟ ನಿಷಿದ್ಧ ವಲಯ ಗುರುತಿಸುವ ಕ್ರಮವೂ ಇದೇ ಬಗೆಯದು: ಗೆರೆ ಕಂಡ ಮೇಲೆ ಪ್ರಶ್ನಿಸುವುದು ಪೋಷಕರಿಗೂ ಸುಲಭ.

ಇಂತಹ ಯತ್ನಗಳಿಗೆ ಫಲವಿಲ್ಲದಿಲ್ಲ. ರಾಷ್ಟ್ರೀಯ ಸಮೀಕ್ಷೆಗಳಂತೆ ದೇಶದ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ 2009-10ರಲ್ಲಿ ಶೇ. 34.6 ಇದ್ದದ್ದು 2016-17ರ ವೇಳೆಗೆ ಶೇ. 28.6ಕ್ಕೆ ಇಳಿಯಿತು.

ಬೆಳೆಗಾರನ ಪಾಡು

ಹರಾಜು ಕಟ್ಟೆ ಒದಗಿಸುವ ಖಚಿತ ಮಾರುಕಟ್ಟೆ ರಾಗಿಗಾಗಲೀ ದ್ವಿದಳ ಧಾನ್ಯಕ್ಕಾಗಲೀ ಸುಲಭವಾಗಿ ದೊರೆಯದು. ಹೀಗಿರುವಾಗ ತಂಬಾಕು ಬಿಡಿ ಎಂದು ರೈತನಿಗೆ ಬರಿಮಾತಿನಲ್ಲಿ ಹೇಳುವುದು ನ್ಯಾಯವಲ್ಲ. ಭಾರತವು 2004ರಲ್ಲಿ ಅನುಮೋದಿಸಿದ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಪ್ಪಂದವು 17ನೆಯ ವಿಧಿಯಲ್ಲಿ ಬೆಳೆಗಾರರ ಪರ್ಯಾಯ ಜೀವನೋಪಾಯವನ್ನೂ, 18ನೆಯ ವಿಧಿಯಲ್ಲಿ ಪರಿಸರ ರಕ್ಷಣೆಯನ್ನೂ ಅಕ್ಕಪಕ್ಕದಲ್ಲೇ ಇರಿಸಿದೆ. ಗೂಡುಗಳ ಶಾಖ ಸೋರದಂತೆ ತಡೆದು ಸೌದೆ ಉಳಿಸುವುದು, ಹೊಲದ ಬದುವಿನಲ್ಲಿ ಮರ ಬೆಳೆಸುವುದು ಸದ್ಯದ ಉಪಾಯಗಳು. ಪರ್ಯಾಯ ಬೆಳೆಗೂ ಖಚಿತ ಬೆಲೆ ದೊರೆತಾಗಲೇ ಬ್ಯಾರನ್‌ನ ಬೆಂಕಿ ಆರೀತು.